ಮಲೇರಿಯಾದ ಹದಿನೈದು ದಿನ

ಕಳೆದ ವಾರ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್ ಹುಡುಕುತ್ತಿದ್ದಾಗ ಒಂದು ಕಟ್ಟು ಚೀಟಿ ಕೈಗೆ ಸಿಕ್ಕಿತು. ಎರಡು ಬೆರಳಗಲದ ನುಣುಪು ಕಾಗದ, ಸುತ್ತ ಒಂದು ರಬ್ಬರ್ ಬ್ಯಾಂಡ್. ಮುಟ್ಟಿದ ಕೂಡಲೇ ರಬ್ಬರ್ ಬ್ಯಾಂಡ್ ತುಂಡಾಯಿತು. ಚೀಟಿಗಳಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಒಂದೊಂದನ್ನೇ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ, ಬರೀ ಬಿಳಿ. ಪಿಗ್ಮಿಯ ಚೀಟಿಗಳು ಅವು. ಮುಂದೆ ಯಾವತ್ತಾದರೂ ಬೇಕಾದೀತು ಎಂದು ದಿನದಿನದ್ದನ್ನೂ ಜೋಪಾನ ಮಾಡಿ ಇಟ್ಟಿದ್ದೆ. ಬೇಕಾದ ದಿನ ಬಂದಾಗ ಅವು ಒಂದಕ್ಕೂ ಆಗಲಿಲ್ಲ. ಆದದ್ದು ಒಬ್ಬ ಮನುಷ್ಯ...

ಕುದ್ರೋಳಿಯ ನಮ್ಮ ಸಾಲಿನ ಅಂಗಡಿಯವರೆಲ್ಲ ಅವರನ್ನು ಪಿಗ್ಮಿ ಮಾಮ ಎಂದು ಕರೆಯುತ್ತಿದ್ದೆವು. ನಮ್ಮಂಥ ಸಣ್ಣ ವ್ಯಾಪಾರದವರಿಗೆ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲಲು ಪುರುಸೊತ್ತಿಲ್ಲ. ಹೋದರೂ ಹಾಕಲು ಒಟ್ಟಿಗೆ ದೊಡ್ಡ ಮೊತ್ತ ಇರುವುದಿಲ್ಲ. ಹಾಗಾಗಿ ಒಬ್ಬರು ದಿನಾ ಅಂಗಡಿಗೇ ಬಂದು, ಐವತ್ತೋ ನೂರೋ ಆದಷ್ಟನ್ನು ತೆಗೆದುಕೊಂಡು ನಮ್ಮ ಖಾತೆಗೆ ಕಟ್ಟುತ್ತಾರೆ. ಅದೇ ಪಿಗ್ಮಿ. ಮಾಮ ಒಂದು ಸಹಕಾರಿ ಸಂಘದ ಪರವಾಗಿ ಈ ಕೆಲಸವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಹೆಗಲಿಗೆ ಚೀಲ, ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ. ಮೂರು ಗಂಟೆಗೆ ಅವರು ನಮ್ಮ ಮೆಟ್ಟಿಲು ಹತ್ತಿದರೆ ನಾನು ಗಡಿಯಾರ ನೋಡುತ್ತಿರಲಿಲ್ಲ.

ಅವರ ಮನೆಮಾತು ಕೊಂಕಣಿ, ನನ್ನದು ತುಳು. ತುಳು ಅವರಿಗೆ ನನ್ನಷ್ಟೇ ಸಲೀಸು. ಮಳೆಯ ವಿಷಯ, ಮೀನಿನ ರೇಟು, ನನ್ನ ಮಗಳ ಮಾರ್ಕು ಎಲ್ಲ ತುಳುವಿನಲ್ಲೇ. ಚೀಲದಿಂದ ಚೀಟಿ ಹೊಡೆಯುವ ಪುಟ್ಟ ಮಿಷನ್ನು ತೆಗೆದ ಮರುಕ್ಷಣ ಮಾತ್ರ ಕನ್ನಡಕ್ಕೆ ಬದಲಾಗುತ್ತಿದ್ದರು. ಹಣದ ವ್ಯವಹಾರ ಕನ್ನಡದಲ್ಲೇ ಆಗಬೇಕು ಎನ್ನುವುದು ಅವರದೇ ಒಂದು ಕಾನೂನು.

‘ಎಷ್ಟು ಹಾಕುವ ಅಕ್ಕ?’

ನನ್ನದು ದಿನಕ್ಕೆ ನೂರೈವತ್ತು. ಮದುವೆಯ ಸೀಸನ್ನಿನಲ್ಲಿ, ನವರಾತ್ರಿಯ ಮುಂಚೆ ಅದೇನೂ ಕಷ್ಟವಲ್ಲ. ಮದುವೆ ಮುಂಜಿ ಒಂದೂ ಇಲ್ಲದ ಮಳೆಗಾಲದ ಆಟಿ ತಿಂಗಳಿನಲ್ಲಿ ಯಾರು ಬ್ಲೌಸ್ ಹೊಲಿಸುತ್ತಾರೆ? ದಿನವಿಡೀ ಕೂತರೂ ಒಂದು ಫಾಲ್ಸ್, ಒಂದು ಝಿಪ್ಪು. ‘ಇವತ್ತು ಎಂತದೂ ಇಲ್ಲ ಮಾಮ’ ಎಂದರೆ ಅವರು ತಲೆ ಎತ್ತುತ್ತಲೇ ಇರಲಿಲ್ಲ. ‘ಆಯ್ತು, ನಾನು ಹಾಕ್ತೇನೆ. ಕೈಗೆ ಬರುವಾಗ ಕೊಡಿ’ ಎಂದು ಮಿಷನ್ನು ಒತ್ತಿ, ನೂರೈವತ್ತರ ಚೀಟಿ ಹರಿದು ಕೊಡುತ್ತಿದ್ದರು. ಆಮೇಲೆ ಕಿಸೆಯಿಂದ ಅಂಗೈಯಷ್ಟು ದೊಡ್ಡ ಡೈರಿ ತೆಗೆದು ಏನೋ ಗೀಚುತ್ತಿದ್ದರು. ಹಾಗೆ ಅವರ ಕೈಯಿಂದ ಹೋದದ್ದನ್ನು ಸೀಸನ್ನು ಬಂದಾಗ ನಾನು ಐನೂರು, ಆರುನೂರು ಎಂದು ತೀರಿಸುತ್ತಿದ್ದೆ. ಅವರು ಡೈರಿಯಲ್ಲಿ ಒಂದು ಗೀಟು ಎಳೆಯುತ್ತಿದ್ದರು. ನನಗೊಬ್ಬಳಿಗೇ ಅಲ್ಲ, ಸೆಲೂನಿನವರಿಗೆ, ಮೀನಿನಕ್ಕನಿಗೆ, ಗೂಡಂಗಡಿಯವರಿಗೆ ಎಲ್ಲರಿಗೂ ಇದೇ ಪದ್ಧತಿ. ಇದು ಸಂಘದ ನಿಯಮಕ್ಕೆ ವಿರುದ್ಧ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮಾಮನಿಗೆ ಗೊತ್ತಿತ್ತು.

ಇಷ್ಟು ಹೇಳಿದ ಮೇಲೆ ಮಗಳ ಅಪ್ಪನ ವಿಷಯಕ್ಕೆ ಬರಬೇಕು. ಮಗಳ ಎದುರಿಗೆ ಅವರನ್ನು ನಾನು ಏಕವಚನದಲ್ಲಿ ಕರೆದವಳಲ್ಲ, ಇಲ್ಲಿಯೂ ಕರೆಯುವುದಿಲ್ಲ. ಮನಸ್ಸಿನೊಳಗೆ ಕರೆದದ್ದಕ್ಕೆ ಸಾಕ್ಷಿ ಇಲ್ಲ. ಅವರಿಗೆ ಕಾಟಿಪಳ್ಳದಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿ. ನಾವು ಯಾಕೆ ಬೇರೆಯಾದೆವು ಎನ್ನುವುದು ಈಗ ಹಳಸಿದ ಕಥೆ, ಬಿಡಿ. ಮಗಳ ಖರ್ಚಿಗೆ ತಿಂಗಳಿಗೆ ಐದು ಸಾವಿರ ಕೊಡಬೇಕೆಂದು ಕೋರ್ಟು ಆದೇಶ ಮಾಡಿತ್ತು. ಒಂದು ವರ್ಷ ನನ್ನ ಬ್ಯಾಂಕ್ ಖಾತೆಗೆ ಸರಿಯಾಗಿ ಬಂತು. ಆಮೇಲೊಂದು ದಿನ ಅಂಗಡಿಗೇ ಬಂದು, ‘ಇನ್ನು ಕೈಯಲ್ಲೇ ಕೊಡ್ತೇನೆ, ಮಗಳನ್ನು ಒಮ್ಮೆ ನೋಡಿದ ಹಾಗೆಯೂ ಆಗ್ತದೆ’ ಎಂದರು. ಮಗಳನ್ನು ನೋಡುವ ಮಾತು ಬಂದ ಮೇಲೆ ನಾನು ಬೇಡ ಎನ್ನುವುದು ಹೇಗೆ? ಹ್ಞೂಂ ಎಂದೆ. ಮೂರು ತಿಂಗಳು ಕವರಿನಲ್ಲಿ ತಂದುಕೊಟ್ಟರು. ನಾಲ್ಕನೆಯ ತಿಂಗಳಿನಿಂದ ಕವರೂ ಇಲ್ಲ, ಮನುಷ್ಯನೂ ಇಲ್ಲ.

ಫೋನು ಮಾಡಿದರೆ ವ್ಯಾಪಾರ ಇಲ್ಲ, ಮುಂದಿನ ತಿಂಗಳು ಒಟ್ಟಿಗೆ ಕೊಡುತ್ತೇನೆ ಎಂಬ ಉತ್ತರ. ‘ಬುಡ್ಲ ಮಗಾ’ ಎಂದಳು ನನ್ನ ಅಮ್ಮ. ಬಿಟ್ಟುಬಿಡು, ಕೋರ್ಟು ಕಚೇರಿ ಅಂತ ಯಾಕೆ ತಿರುಗುವುದು ಎಂದು. ನಾನೂ ಬಿಟ್ಟೆ, ಹದಿನಾಲ್ಕು ತಿಂಗಳು ಬಿಟ್ಟೆ. ಮಗಳಿಗೆ ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು ಬಂತು, ಕೊಡಿಯಾಲ್‌ಬೈಲಿನ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಫೀಸಿನ ಚೀಟಿ ನೋಡಿದ ದಿನ ನಾನು ಬಿಡುವುದನ್ನು ಬಿಟ್ಟೆ. ವಕೀಲರ ಬಳಿಗೆ ಹೋದೆ. ಹೆಂಗಸು, ನನಗಿಂತ ಚಿಕ್ಕವರು, ಮಾತು ಖಡಕ್. ‘ಹಿಂದಿನ ಹನ್ನೆರಡು ತಿಂಗಳಿನದ್ದು ಮಾತ್ರ ಕೇಳ್ಬಹುದು ಅಕ್ಕ. ಅದಕ್ಕಿಂತ ಹಳೆಯದು ಹೋಯ್ತು’ ಎಂದರು. ಸುಮ್ಮನಿದ್ದದ್ದಕ್ಕೆ ಎರಡು ತಿಂಗಳಿನ ದಂಡ ಬಿದ್ದ ಹಾಗಾಯಿತು. ಇನ್ನು ಒಂದು ದಿನವೂ ಸುಮ್ಮನಿರುವುದಿಲ್ಲ ಎಂದು ಅರ್ಜಿಗೆ ಸಹಿ ಹಾಕಿದೆ.

ಮಗಳ ಅಪ್ಪ ಕೋರ್ಟಿನಲ್ಲಿ ಕೊಟ್ಟ ಉತ್ತರ ಕೇಳಿ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಪ್ರತಿ ತಿಂಗಳೂ ಅಂಗಡಿಗೆ ಹೋಗಿ ಕೈಯಲ್ಲೇ ಕೊಟ್ಟಿದ್ದೇನೆ, ಒಂದು ತಿಂಗಳೂ ತಪ್ಪಿಸಿಲ್ಲ ಎಂದು. ಸಾಕ್ಷಿಗೆ ನಮ್ಮ ಎದುರಿನ ಸೋಡಾ ಅಂಗಡಿಯವರನ್ನೇ ಕರೆಸಿದರು. ಪಾಪ, ಆ ಮನುಷ್ಯ ಸುಳ್ಳು ಹೇಳಲಿಲ್ಲ. ‘ಬರ್ತಿದ್ರು, ಕವರ್ ಕೊಡ್ತಿದ್ರು, ನಾನು ನೋಡಿದ್ದೇನೆ’ ಎಂದರು. ಯಾವ ತಿಂಗಳು, ಎಷ್ಟು ಸಲ ಎಂದರೆ ಅವರಿಗೆ ನೆನಪಿಲ್ಲ. ಆ ಮೂರು ಕವರುಗಳು ಕೋರ್ಟಿನಲ್ಲಿ ಮರಿ ಹಾಕಿದ್ದವು.

ಅದರ ಮೇಲೆ ನನ್ನ ಪಿಗ್ಮಿ. ಆಸ್ತಿ, ಆದಾಯ ಎಲ್ಲ ಬರೆದುಕೊಡಬೇಕು ಎಂದು ಕೋರ್ಟು ಕೇಳಿದಾಗ ನಾನೇ ನನ್ನ ಕೈಯಾರೆ ಪಿಗ್ಮಿ ಖಾತೆಯನ್ನೂ ಬರೆದಿದ್ದೆ. ಮುಚ್ಚಿಡುವುದೇನಿತ್ತು? ಅವರ ವಕೀಲರು ಸಂಘದಿಂದ ಆ ಖಾತೆಯ ಪಟ್ಟಿ ತರಿಸಿ ನನ್ನ ಎದುರಿಗೆ ಹಿಡಿದರು.

‘ದಿನಕ್ಕೆ ನೂರೈವತ್ತು. ತಿಂಗಳಿಗೆ ನಾಲ್ಕೂವರೆ ಸಾವಿರ. ವರ್ಷವಿಡೀ ಒಂದು ದಿನವೂ ತಪ್ಪಿಲ್ಲ. ಬ್ಲೌಸ್ ಹೊಲಿದು ಹೀಗೆ ಕಟ್ಟಲು ಆಗುತ್ತದೆಯೇ? ಇದು ನನ್ನ ಕಕ್ಷಿದಾರರು ಕೊಟ್ಟ ಐದು ಸಾವಿರವೇ ಅಲ್ಲವೇ?’

ಅಲ್ಲ ಎಂದೆ. ಅವರು ಪಟ್ಟಿಯ ಮೇಲೆ ಪೆನ್ನಿಟ್ಟರು. ಆ ವರ್ಷ ಮಳೆಗಾಲದಲ್ಲಿ ನನಗೆ ಮಲೇರಿಯಾ ಆಗಿತ್ತು. ಅಂಗಡಿ ಹದಿನೈದು ದಿನ ಮುಚ್ಚಿತ್ತು, ಅದನ್ನೂ ನಾನೇ ಕೋರ್ಟಿಗೆ ಬರೆದುಕೊಟ್ಟದ್ದರಲ್ಲಿ ಬೇರೊಂದು ಕಡೆ ಹೇಳಿದ್ದೆ. ‘ಈ ಹದಿನೈದು ದಿನವೂ ನೂರೈವತ್ತು ಬಿದ್ದಿದೆ. ಅಂಗಡಿ ಮುಚ್ಚಿದೆ, ನೀವು ಮಲಗಿದ್ದೀರಿ. ಈ ಹಣ ಎಲ್ಲಿಂದ ಬಂತಮ್ಮ?’

‘ಪಿಗ್ಮಿ ಮಾಮ ಹಾಕಿದ್ದು’ ಎಂದೆ.

ಅವರು ನಕ್ಕರು. ಕೂತಿದ್ದ ಇಬ್ಬರು ಮೂವರು ವಕೀಲರೂ ನಕ್ಕರು. ಹಣ ಒಯ್ಯಲು ಬರುವವನು ಹಣ ಹಾಕಿ ಹೋಗುವುದನ್ನು ಎಲ್ಲಾದರೂ ಕೇಳಿದ್ದುಂಟೇ ಎಂದರು. ನನಗೆ ಕೋಪ ಬಂದರೆ ನಾಲಿಗೆ ತೊದಲುತ್ತದೆ. ಆವತ್ತೂ ತೊದಲಿತು. ತೊದಲುವವಳು ಸುಳ್ಳುಗಾತಿಯ ಹಾಗೆಯೇ ಕಾಣುತ್ತಾಳೆ.

ಅದೆಲ್ಲ ನುಂಗಿಕೊಂಡೆ. ನುಂಗಲು ಆಗದ್ದು ಹೊರಗೆ ಕಾದಿತ್ತು. ಮಗಳು ವರಾಂಡದ ಬೆಂಚಿನಲ್ಲಿ ಕೂತಿದ್ದಳು. ಅವಳ ಅಪ್ಪ ಬಂದು ಅವಳ ತಲೆ ಸವರಿ ಏನೋ ಹೇಳಿ ಹೋಗಿದ್ದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು, ‘ಅಮ್ಮ, ನಿಜ ಹೇಳು. ಅಪ್ಪ ದುಡ್ಡು ಕೊಡ್ತಾ ಇದ್ರಾ?’ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಇಲ್ಲ ಮಗಾ ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ, ನಂಬಿದವರು ಹಾಗೆ ಕೂರುವುದಿಲ್ಲ. ಅರವತ್ತು ಸಾವಿರ ಬರಲಿ ಬಾರದಿರಲಿ, ನನ್ನ ಮಗಳು ನನ್ನನ್ನು ನಂಬಬೇಕು ಎಂದು ಆ ಬಸ್ಸಿನಲ್ಲೇ ಹಲ್ಲು ಕಚ್ಚಿದೆ. ಅಮ್ಮ ಹೇಳಿದ ಮಾತು ಸಾಕಾಗಲಿಲ್ಲ ಅಲ್ಲವೇ, ಹಾಗಾದರೆ ಕೋರ್ಟಿನ ಮುದ್ರೆ ಹಾಕಿಸಿಯೇ ಕೊಡುತ್ತೇನೆ.

ಮರುದಿನ ಮೂರು ಗಂಟೆಗೆ ಮಾಮ ಬಂದಾಗ ಎಲ್ಲವನ್ನೂ ಹೇಳಿದೆ. ನೀವು ಬಂದು ಸಾಕ್ಷಿ ಹೇಳಬೇಕು, ಡೈರಿ ತೋರಿಸಬೇಕು ಎಂದೆ. ನನ್ನ ವಕೀಲರು ಮೊದಲೇ ಎಚ್ಚರಿಸಿದ್ದರು: ತೆಗೆದುಕೊಳ್ಳದ ಹಣಕ್ಕೆ ಮಿಷನ್ನು ಒತ್ತಿ ಚೀಟಿ ಕೊಟ್ಟೆ ಎಂದು ಅವರು ಕೋರ್ಟಿನಲ್ಲಿ ಒಪ್ಪಿಕೊಂಡರೆ ಅವರ ಕೆಲಸ ಹೋಗುತ್ತದೆ ಎಂದು. ಅದನ್ನೂ ಮಾಮನಿಗೆ ಹೇಳಿದೆ. ಗೊತ್ತಿದ್ದೂ ಕರೆದೆ, ಗೊತ್ತಿಲ್ಲದೆ ಆದದ್ದು ಎಂದು ಈಗ ಹೇಳಲಾರೆ. ನನ್ನ ಮಗಳ ಮುಖ ಒಂದು ಕಡೆ, ಈ ಮುದುಕನ ಅನ್ನ ಇನ್ನೊಂದು ಕಡೆ. ನಾನು ಮಗಳನ್ನು ಹಿಡಿದೆ.

ಮಾಮ ಆವತ್ತು ಮಿಷನ್ನು ಒತ್ತಿ, ಚೀಟಿ ಕೊಟ್ಟು, ‘ನಾಳೆ ಹೇಳ್ತೇನೆ’ ಎಂದರು. ನಾಳೆ ಬರಲಿಲ್ಲ. ನಾಡಿದ್ದೂ ಇಲ್ಲ. ಮಳೆ ಹೊಡೆದರೂ ನೆರೆ ಬಂದರೂ ತಪ್ಪಿಸದ ಮನುಷ್ಯ ಮೂರು ದಿನ ನಮ್ಮ ಸಾಲಿಗೇ ಕಾಲಿಡಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಂತೆಗೆ ಕೊಡೆ ಹಿಡಿಯುವವರು, ಮಳೆಗೆ ಮಡಚುವವರು ಎಂದು ಕತ್ತರಿ ಆಡಿಸುತ್ತಾ ಒಬ್ಬಳೇ ಬೈದುಕೊಂಡೆ. ಒಬ್ಬರ ಬ್ಲೌಸಿನ ತೋಳನ್ನು ಅರ್ಧ ಇಂಚು ಗಿಡ್ಡ ಮಾಡಿದ್ದೂ ಆವತ್ತೇ. ಆ ಬೈಗಳು ಅವರಿಗೆ ಕೇಳಿಸಲಿಲ್ಲ ಎನ್ನುವುದೊಂದೇ ಈಗಿನ ಸಮಾಧಾನ.

ನಾಲ್ಕನೆಯ ದಿನ ಮೂರಕ್ಕೆ ಬಂದರು. ಮೊದಲ ಬಾರಿಗೆ ಸ್ಟೂಲಿನ ಮೇಲೆ ಕೂತರು.

‘ಸಂಘದ ಮ್ಯಾನೇಜರರ ಹತ್ರ ಹೋಗಿದ್ದೆ. ನಾನು ಕೋರ್ಟಲ್ಲಿ ಹೀಗೆ ಹೇಳ್ಲಿಕ್ಕುಂಟು ಅಂತ ಹೇಳಿ ಬಂದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಅಲ್ವಾ. ಮತ್ತೆ, ಎಲ್ಲರ ಖಾತೆಯನ್ನೂ ಒಮ್ಮೆ ನೋಡಿ ಸರಿ ಮಾಡಿದೆ. ನನ್ನಿಂದ ಯಾರಿಗೂ ಒಂದು ರೂಪಾಯಿ ಕಡಿಮೆ ಆಗ್ಬಾರ್ದು.’

‘ಕೆಲಸ ಹೋದ್ರೆ ಎಂತ ಮಾಡ್ತೀರಿ ಮಾಮ?’ ಎಂದು ಕೇಳಿದೆ.

‘ಮೊದಲು ಹೇಳಿ ಆಗಲಿ ಮಾರಾಯ್ತಿ’ ಎಂದರು. ಅಕ್ಕ ಎನ್ನದೆ ಹಾಗೆ ಕರೆದದ್ದು ಅದೊಂದೇ ಸಲ.

ಅವರ ಸಾಕ್ಷಿಯ ದಿನ ನನಗೆ ಅಕ್ಷರ ಅಕ್ಷರ ನೆನಪಿದೆ. ಅದೇ ಬಿಳಿ ಅಂಗಿ, ಆದರೆ ಇಸ್ತ್ರಿ ಹಾಕಿದ್ದರು. ಡೈರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ನ್ಯಾಯಾಧೀಶರ ಎದುರಿಗೆ ಅದನ್ನು ಬಿಡಿಸಿಟ್ಟರು. ಒಂದೊಂದು ದಿನಕ್ಕೆ ಒಂದೊಂದು ಗೆರೆ. ಹೆಸರುಗಳಿಲ್ಲ, ಕಸುಬುಗಳು ಮಾತ್ರ. ಟೈಲರಕ್ಕ ಎನ್ನುವುದರ ಎದುರಿಗೆ ಒಂದು ದಿನ ನೂರೈವತ್ತು, ಒಂದು ದಿನ ಅರವತ್ತು, ಒಂದು ದಿನ ಸೊನ್ನೆ, ಸೊನ್ನೆ, ಮತ್ತೊಂದು ದಿನ ಆರುನೂರು. ಸಂಘದ ಪಟ್ಟಿಯಲ್ಲಿ ಒಂದೇ ಸಮನೆ ಇದ್ದ ನನ್ನ ವರ್ಷ ಈ ಡೈರಿಯಲ್ಲಿ ಏರುತ್ತಾ ಬೀಳುತ್ತಾ ಇತ್ತು. ಯಾರಾದರೂ ತಿಂಗಳಿಗೊಮ್ಮೆ ಐದು ಸಾವಿರ ತಂದುಕೊಟ್ಟಿದ್ದರೆ ಆಟಿಯಲ್ಲಿ ಅಷ್ಟು ಸೊನ್ನೆಗಳು ಯಾಕೆ ಬೀಳುತ್ತಿದ್ದವು? ನನ್ನ ವಕೀಲರು ಕೇಳಿದ್ದು ಇಷ್ಟನ್ನೇ.

ಆ ಕಡೆಯ ವಕೀಲರು ಎದ್ದರು.

‘ತೆಗೆದುಕೊಳ್ಳದ ಹಣಕ್ಕೆ ಚೀಟಿ ಕೊಟ್ಟದ್ದು ತಪ್ಪಲ್ಲವೇ?’

‘ತಪ್ಪೇ. ಸಂಘದ ನಿಯಮದಲ್ಲಿ ತಪ್ಪು.’

‘ತಪ್ಪೆಂದು ಗೊತ್ತಿದ್ದೂ ಯಾಕೆ ಮಾಡಿದಿರಿ?’

‘ಒಂದು ದಿನ ತಪ್ಪಿಸಿದವರು ನಾಳೆಯೂ ತಪ್ಪಿಸ್ತಾರೆ. ಒಂದು ವಾರ ಆದ್ರೆ ಖಾತೆಯೇ ಬೇಡ ಅಂತಾರೆ. ಮೂವತ್ತು ವರ್ಷದಲ್ಲಿ ನಾನು ಎಷ್ಟೋ ಅಂಗಡಿಗಳಲ್ಲಿ ನೋಡಿದ್ದೇನೆ. ಹಾಗೆ ತಪ್ಪದ ಹಾಗೆ ನೋಡಿಕೊಂಡೆ. ನನಗೂ ಸ್ವಲ್ಪ ಕಮಿಷನ್ ಸಿಗ್ತದೆ, ಇಲ್ಲ ಅಂತ ಹೇಳುವುದಿಲ್ಲ.’

ವಕೀಲರು ಆಗ ಬಲೆ ಬೀಸಿದರು. ಮಲೇರಿಯಾದ ಹದಿನೈದು ದಿನಕ್ಕೆ ಎರಡು ಸಾವಿರದ ಇನ್ನೂರ ಐವತ್ತು ರೂಪಾಯಿ. ಅದನ್ನು ಈಯಮ್ಮ ನಿಮಗೆ ತಿರುಗಿ ಕೊಟ್ಟಿದ್ದಾರಷ್ಟೇ? ಕೊಟ್ಟಿದ್ದಾರೆ ಎಂದರೆ, ಹಾಸಿಗೆ ಹಿಡಿದವಳಿಗೆ ಒಟ್ಟಿಗೆ ಅಷ್ಟು ಹಣ ಎಲ್ಲಿಂದ ಬಂತು ಎಂದು ಮುಂದಿನ ಪ್ರಶ್ನೆ. ಮಾಮ ನನ್ನ ಕಡೆ ಒಮ್ಮೆ ನೋಡಿದರು. ಕ್ಷಮೆ ಕೇಳುವವರ ನೋಟ ಅದು.

‘ಇಲ್ಲ. ಅದು ಬಾಕಿ ಉಂಟು. ಅಕ್ಕನಿಗೆ ಇನ್ನೂ ಆಗಿಲ್ಲ.’

ಎಲ್ಲರ ಎದುರಿಗೆ ಸಾಲಗಾರ್ತಿ ಎನಿಸಿಕೊಂಡು ನನ್ನ ಕಿವಿ ಬಿಸಿಯಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಔಷಧಿ, ಬಾಡಿಗೆ, ಮಗಳ ಟ್ಯೂಷನ್... ಆ ಹದಿನೈದು ದಿನದ್ದನ್ನು ತೀರಿಸಲು ನಿಜವಾಗಿಯೂ ಆಗಿರಲಿಲ್ಲ. ನ್ಯಾಯಾಧೀಶರು ತಲೆ ಬಗ್ಗಿಸಿ ಬರೆದುಕೊಂಡರು. ತುಂಬಾ ಹೊತ್ತು ಬರೆದರು.

ಆದೇಶ ಬಂದದ್ದು ಎರಡು ತಿಂಗಳ ಮೇಲೆ. ಹಣ ಕೊಟ್ಟದ್ದು ಸಾಬೀತಾಗಿಲ್ಲ, ಹನ್ನೆರಡು ತಿಂಗಳಿನದ್ದೂ ಕಟ್ಟಬೇಕು ಎಂದು. ನಾನು ಅದನ್ನು ಮನೆಗೆ ತಂದು ಮಗಳ ಪುಸ್ತಕದ ಮೇಲಿಟ್ಟೆ, ಮಾಮನ ಸಾಕ್ಷಿಯ ಪ್ರತಿಯನ್ನೂ ಇಟ್ಟೆ. ಅವಳು ಅಡುಗೆಮನೆಯ ಹೊಸಿಲಿನ ಮೇಲೆ ಕೂತು ಪೂರ್ತಿ ಓದಿದಳು. ಓದಿ ಮುಗಿಸಿ, ‘ಮಾಮನನ್ನು ಒಮ್ಮೆ ಊಟಕ್ಕೆ ಕರಿ ಅಮ್ಮ’ ಎಂದಳು. ನನಗೆ ಅಷ್ಟು ಸಾಕಿತ್ತು. ಕುಕ್ಕರಿನ ಕಡೆ ತಿರುಗಿ ಅತ್ತೆ.

ಆ ಹೊತ್ತಿಗೆ ಸಂಘದವರು ಮಾಮನ ಮಿಷನ್ನನ್ನು ತೆಗೆದುಕೊಂಡಾಗಿತ್ತು. ನಿಯಮ ಎಂದ ಮೇಲೆ ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಡೈರಿಯೂ ಹೋಗಿತ್ತು. ಅದಕ್ಕೆ ನಂಬರು ಬಿದ್ದು ನನ್ನ ಕೇಸಿನ ಫೈಲಿಗೆ ಸೇರಿತ್ತು. ಆ ಡೈರಿಯಲ್ಲಿ ಇಡೀ ಸಾಲಿನ ಅಂಗಡಿಯವರ ಬಾಕಿ ಇತ್ತು, ಬೇರೆಲ್ಲೂ ಇರಲಿಲ್ಲ. ತಾವಾಗಿ ನೆನಪಿಟ್ಟು ಕೊಟ್ಟವರು ಕೊಟ್ಟರು. ಉಳಿದವರ ಹತ್ತಿರ ಮಾಮ ಕೇಳಲು ಹೋಗಲಿಲ್ಲ.

ಒಂದು ಮಧ್ಯಾಹ್ನ ಮೂರು ಗಂಟೆಗೆ ಚೀಲವಿಲ್ಲದೆ ಬಂದರು. ಕಾಲು ತಾನಾಗಿ ಈ ಕಡೆ ಬಂತು ಎಂದು ನಕ್ಕರು. ನಾನು ತೆಗೆದಿಟ್ಟಿದ್ದ ಎರಡು ಸಾವಿರದ ಇನ್ನೂರ ಐವತ್ತನ್ನು ಅವರ ಎದುರಿಗಿಟ್ಟೆ. ನನ್ನಿಂದಾಗಿ ನಿಮಗೆ ಹೀಗಾಯಿತು ಮಾಮ ಎಂದೆ. ಅವರು ಹಣವನ್ನು ಮೆಲ್ಲನೆ ನನ್ನ ಕಡೆಗೇ ದೂಡಿದರು.

‘ಈಗ ಬೇಡ ಅಕ್ಕ. ಆ ಕಡೆಯವರು ಹೈಕೋರ್ಟಿಗೆ ಹೋಗಿದ್ದಾರಂತಲ್ಲ. ಬಾಕಿ ಉಂಟು ಅಂತ ನಾನು ಹೇಳಿದ್ದೇನೆ. ಬಾಕಿಯೇ ಇರಲಿ. ನಾಳೆ ಯಾರಾದ್ರೂ ಪುನಃ ಕೇಳಿದ್ರೆ ಎರಡು ಮಾತು ಆಗ್ಬಾರ್ದು. ಕೇಸು ಮುಗಿದ ದಿನ ಕೊಡಿ.’

ಊಟಕ್ಕೆ ಬಂದದ್ದು ಒಂದೇ ಸಲ. ಬಂಗುಡೆ ಸಾರು ಮಾಡಿದ್ದೆ, ಅವರು ಮೀನು ತಿನ್ನುವುದಿಲ್ಲ ಎಂದು ಆವತ್ತೇ ಗೊತ್ತಾದದ್ದು. ವರ್ಷಗಟ್ಟಲೆ ಮೀನಿನ ರೇಟು ಮಾತಾಡಿದ ಮನುಷ್ಯ... ಮೀನಿನಕ್ಕನ ವ್ಯಾಪಾರ ಹೇಗಿದೆ ಎಂದು ತಿಳಿಯಲು ಕೇಳುತ್ತಿದ್ದದ್ದಂತೆ. ಮಗಳು ಓಡಿಹೋಗಿ ಮೊಸರು ತಂದಳು.

ಹೈಕೋರ್ಟಿನ ಕೇಸು ಎಳೆಯಿತು. ಮಗಳು ಪಿಯುಸಿ ಮುಗಿಸಿದಳು, ಡಿಗ್ರಿಗೆ ಸೇರಿದಳು. ಮಾಮ ಬರುವುದು ಕಡಿಮೆಯಾಯಿತು. ಎರಡು ವರ್ಷದ ಹಿಂದೆ ಒಂದು ದಿನ ಸೋಡಾ ಅಂಗಡಿಯವರು ಬಂದು, ಪಿಗ್ಮಿ ಮಾಮ ತೀರಿಹೋದರಂತೆ, ವಾರವಾಯಿತಂತೆ ಎಂದರು. ಬೋಳೂರಿನ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲಿಗೆ ಬೀಗ. ಮಾಮಿ ಕಾರ್ಕಳದ ಮಗಳ ಮನೆಗೆ ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಕೇಸು ಮುಗಿಯದೆ ಹಣ ಕೊಡುವ ಹಾಗಿಲ್ಲವಲ್ಲ, ಅವರು ಹೇಳಿದ ಮಾತಿಗೆ ನಾನು ನಡೆಯಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡು ವಾಪಸಾದೆ.

ಈ ವರ್ಷ ಕೇಸು ಮುಗಿಯಿತು. ಅಲ್ಲಿಯೂ ನಮ್ಮ ಕಡೆಗೇ ಆಯಿತು. ಅದೇ ದಿನ ವಕೀಲರಿಗೆ ಹೇಳಿದೆ, ಇನ್ನೊಂದು ಅರ್ಜಿ ಹಾಕಿ, ನನಗೆ ಆ ಡೈರಿ ವಾಪಸ್ ಬೇಕು ಎಂದು. ‘ಅದು ಸಾಕ್ಷಿಯದ್ದು ಅಕ್ಕ, ನಿಮ್ಮದಲ್ಲ, ತುಂಬ ತಿರುಗಾಟ ಉಂಟು’ ಎಂದರು. ತಿರುಗುತ್ತೇನೆ ಎಂದೆ. ಮಾಮಿ ಕಾರ್ಕಳದಿಂದ ಬೋಳೂರಿಗೆ ಮರಳಿದ್ದಾರೆಂದು ವಿಚಾರಿಸಿ ತಿಳಿದು, ಅವರಿಂದ ಒಂದು ಕಾಗದಕ್ಕೆ ಸಹಿ ತರಿಸಿಕೊಂಡು, ನಾಲ್ಕು ತಿಂಗಳು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹಾಕಿ ತಿರುಗಿದೆ. ಕೊನೆಗೂ ಅದನ್ನು ಕೈಗೆ ಕೊಟ್ಟರು. ಮಾಮ ಸುತ್ತಿ ತಂದಿದ್ದ ಪ್ಲಾಸ್ಟಿಕ್ ಚೀಲ ಮಾತ್ರ ಇರಲಿಲ್ಲ.

ಮೊನ್ನೆ ಭಾನುವಾರ ಡೈರಿಯನ್ನೂ ಹಣವನ್ನೂ ತೆಗೆದುಕೊಂಡು ಬೋಳೂರಿಗೆ ಹೋದೆ. ಮಾಮಿಯ ಮುಖ ನೋಡಿದ್ದು ಅದೇ ಮೊದಲು. ಸಹಿಯನ್ನು ಪಕ್ಕದ ಮನೆಯವರ ಮೂಲಕ ತರಿಸಿದ್ದೆ, ಕಾಗದ ಏನೆಂದು ಓದದೆಯೇ ಹಾಕಿಕೊಟ್ಟಿದ್ದರು. ತೆಳ್ಳಗಿನ ಹೆಂಗಸು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನಾನು ಕುದ್ರೋಳಿಯ ಟೈಲರ್ ಎಂದು ಹೇಳಿ, ಎರಡು ಸಾವಿರದ ಇನ್ನೂರ ಐವತ್ತನ್ನು ಅವರ ಕೈಯಲ್ಲಿಟ್ಟೆ.

‘ಯಾವ ಹಣ ಇದು?’

ಹೇಳಿದೆ. ಮಲೇರಿಯಾದ ವಿಷಯ, ಹದಿನೈದು ದಿನದ ವಿಷಯ, ಕೋರ್ಟು, ಡೈರಿ, ಎಲ್ಲ. ಅವರು ಕೇಳುತ್ತಾ ಕೇಳುತ್ತಾ ಅಲ್ಲೇ ಗೋಡೆಗೆ ಒರಗಿ ಕೂತರು. ಅದು ಯಾವ ತಿಂಗಳು ಎಂದು ಎರಡು ಸಲ ಕೇಳಿದರು. ಆಟಿ ಎಂದೆ.

‘ನನ್ನ ಕನ್ನಡಕಕ್ಕೆ ಅಂತ ಡಬ್ಬದಲ್ಲಿ ಇಟ್ಟದ್ದು ಅದು’ ಎಂದರು ಮಾಮಿ. ‘ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಆಗ್ತಾ ಬಂತು. ಕೇಳಿದ್ರೆ, ಬರ್ತದೆ ಅಂತ ಮಾತ್ರ. ಅವರ ತಮ್ಮ ಮಟ್ಕಾ ಆಡಿ ಮನೆ ಕಳಕೊಂಡವ. ಇವರಿಗೂ ಅದೇ ಹಿಡಿದಿದೆ ಅಂತ ನಾನು ಎಣಿಸಿದೆ. ಮತ್ತೆ ಸಂಘದಿಂದ ತೆಗೆದ್ರಲ್ಲ, ಜನರ ಹಣ ತಿಂದದ್ದಕ್ಕೆ ತೆಗೆದ್ರು ಅಂತ ಊರಿಡೀ ಹೇಳಿದ್ರು. ಯಾರ ಹಣ, ಯಾವ ಕೋರ್ಟು ಅಂತ ಕೇಳಿದ್ರೆ, ಗಿರಾಕಿಯ ವಿಷಯ ಮನೆಯಲ್ಲಿ ಬೇಡ ಅಂತಿದ್ರು. ನೀವು ಬರಿಯುವ ಡೈರಿ ಉಂಟಲ್ಲ, ಅದನ್ನು ತೋರ್ಸಿ, ನಂಬ್ತೇನೆ ಅಂದೆ. ಅದು ನನ್ನ ಹತ್ರ ಇಲ್ಲ ಅಂದ್ರು. ಹಾಗಾದ್ರೆ ನನ್ನ ಹತ್ರ ಮಾತಾಡ್ಬೇಡಿ ಅಂದೆ.’

ನನ್ನ ಮಗಳು ನನ್ನನ್ನು ನಂಬಲಿ ಎಂದು ಕೊಟ್ಟ ಡೈರಿ ಅದು. ಅದು ನನ್ನ ಫೈಲಿನಲ್ಲಿ ಮಲಗಿದ್ದಷ್ಟು ಕಾಲವೂ ಅವರು ತಮ್ಮ ಮನೆಯೊಳಗೆ ಕಳ್ಳರಾಗಿದ್ದರು. ಒಂದು ಮಾತು ಹೇಳಿದ್ದರೆ ನಾನು ಆ ಕ್ಷಣವೇ ಈ ಮೆಟ್ಟಿಲಿಗೆ ಬಂದು ಹೇಳಿ ಹೋಗುತ್ತಿದ್ದೆ. ಅವರು ಹೇಳಲಿಲ್ಲ. ನಾನೂ ಬರಲಿಲ್ಲ. ಕೇಸು ಮುಗಿಯಲಿ ಎಂದು ಕೂತಿದ್ದೆ, ದೊಡ್ಡ ಸತ್ಯವಂತಳ ಹಾಗೆ.

ಊರಿಡೀ ಹೇಳಿದವರಿಗೆ ಊರಿಡೀ ಹೇಳುತ್ತೇನೆ ಎಂದು ಮಾಮಿಗೆ ಮಾತು ಕೊಟ್ಟೆ. ಹೇಳುತ್ತಿದ್ದೇನೆ ಕೂಡ. ನಮ್ಮ ಸಾಲಿನ ಒಂದೊಂದೇ ಅಂಗಡಿಗೆ ಹೋಗಿ ಹೇಳಿ ಆಯಿತು. ಸಂಘದ ಆಫೀಸಿನ ಕೌಂಟರಿನಲ್ಲಿ ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿ ಬಂದೆ. ಉಳಿದದ್ದಕ್ಕೆ ಇದನ್ನು ಬರೆದೆ. ಹೋದ ಮನುಷ್ಯನಿಗೆ ಇದು ಯಾವುದೂ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿಲ್ಲವೆಂದಲ್ಲ.

ಆ ಭಾನುವಾರ ಮಾಮಿ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು ಪುಟಗಳ ಮೇಲೆ ಕೈಯಾಡಿಸಿದರು. ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಕನ್ನಡಕ ಕೊಳ್ಳಲೇ ಇಲ್ಲವಂತೆ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ಮೊದಲ ಪುಟದಿಂದ ಓದಿ ಎಂದರು. ನಾನು ಓದಿದೆ. ಸೆಲೂನ್, ನೂರು. ಮೀನಿನಕ್ಕ, ಸೊನ್ನೆ. ಗೂಡಂಗಡಿ, ಐವತ್ತು. ಟೈಲರಕ್ಕ, ಸೊನ್ನೆ... ಒಂದೊಂದಕ್ಕೂ ಮಾಮಿ ಹ್ಞಾಂ ಎನ್ನುತ್ತಿದ್ದರು, ಎದುರಿಗೆ ಕೂತ ಯಾರಿಗೋ ಒಪ್ಪಿಗೆ ಕೊಡುವವರ ಹಾಗೆ. ಎಲ್ಲ ಪುಟಗಳು ಮುಗಿಯುವವರೆಗೂ ನನ್ನನ್ನು ಏಳಲು ಬಿಡಲಿಲ್ಲ.